ಬಿಕಾಂ, ಬಿಎಸ್ಸಿ ಆದವರಿಗೆ ಆನ್‌ಲೈನ್ ಕಂಪ್ಯೂಟರ್ ಮಾಸ್ಟರ್ಸ್: ರೊಕ್ಕ ಕಟ್ಟುವ ಮುಂಚೆ ಏನೇನು, ಯಾವ ಕ್ರಮದಲ್ಲಿ

ಕಲಬುರಗಿ, ಬೀದರ್, ಯಾದಗಿರಿ ಕಡೆಯವರು ಈ ವಿಷಯದಲ್ಲಿ ಎಡವುವುದು ಬಹುಪಾಲು ಒಂದೇ ಜಾಗದಲ್ಲಿ. ಮೊಬೈಲ್‌ನಲ್ಲಿ ಜಾಹೀರಾತು ಕಾಣುತ್ತದೆ. ನಂಬರ್ ತುಂಬಿದ ಐದು ನಿಮಿಷಕ್ಕೆ ಫೋನ್ ಬರುತ್ತದೆ, ‘ಇವತ್ತೇ ಕೊನೆಯ ದಿನ’ ಅನ್ನುತ್ತಾರೆ, ಮೊದಲ ಕಂತು ಹೋಗಿಬಿಡುತ್ತದೆ. ಎರಡು ವರ್ಷ ಓದಿ, ಅಂಕಪಟ್ಟಿ ಕೈಗೆ ಬಂದ ಮೇಲೆ ಕೆಲಸದ ಜಾಹೀರಾತನ್ನು ಮೊದಲ ಸಲ ಪೂರ್ತಿ ಓದುತ್ತಾರೆ. ಅಲ್ಲಿ ತಮ್ಮ ಪದವಿಯ ಹೆಸರೇ ಇರುವುದಿಲ್ಲ.

ಓದುವ ಕ್ರಮ ಉಲ್ಟಾ ಆಗಬೇಕು. ಮೊದಲು ಕೆಲಸದ ಜಾಹೀರಾತು, ಆಮೇಲೆ ನಿಮ್ಮ ಹಳೆಯ ಮಾರ್ಕ್ಸ್ ಕಾರ್ಡ್, ಆಮೇಲೆ ಮಾನ್ಯತೆ, ಸಿಲೆಬಸ್, ಇವೆಲ್ಲ ಆದ ಮೇಲೆ ಫೀಸು. ಕೆಳಗಿನ ಹಂತಗಳು ಅದೇ ಕ್ರಮದಲ್ಲಿವೆ. ಯಾವುದಾದರೂ ಹಂತದಲ್ಲಿ ಉತ್ತರ ‘ಇಲ್ಲ’ ಎಂದು ಬಂದರೆ ಅಲ್ಲೇ ನಿಲ್ಲಿ, ಮುಂದಿನದಕ್ಕೆ ಜಿಗಿಯಬೇಡಿ.

ಶುರು ಮಾಡುವ ಮುಂಚೆ ಕೈಯಲ್ಲಿ ಇರಬೇಕಾದ್ದು

ಒಂದು ಇನ್ನೂರು ಪುಟದ ನೋಟ್‌ಬುಕ್. ಎಸ್ಸೆಸ್ಸೆಲ್ಸಿ, ಪಿಯುಸಿ ಮತ್ತು ಪದವಿಯ ಎಲ್ಲ ಸೆಮಿಸ್ಟರ್‌ಗಳ ಮಾರ್ಕ್ಸ್ ಕಾರ್ಡ್. ಪದವಿ ಪ್ರಮಾಣಪತ್ರ, ಅದು ಇನ್ನೂ ಬಂದಿಲ್ಲದಿದ್ದರೆ ತಾತ್ಕಾಲಿಕ ಪ್ರಮಾಣಪತ್ರ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್.

ಹೆಸರನ್ನು ಈಗಲೇ ತಾಳೆ ನೋಡಿ. ಎಸ್ಸೆಸ್ಸೆಲ್ಸಿಯಲ್ಲಿ ‘ಬಸವರಾಜ ಎಸ್.’ ಎಂದಿದ್ದು, ಆಧಾರ್‌ನಲ್ಲಿ ‘ಬಸವರಾಜ ಶಿವಶರಣಪ್ಪ ಪಾಟೀಲ’ ಎಂದಿರುವುದು ನಮ್ಮ ಕಡೆ ಮನೆಮನೆಯ ಕಥೆ. ದೇಶದೊಳಗಿನ ಆನ್‌ಲೈನ್ ಅಥವಾ ದೂರಶಿಕ್ಷಣ ಪದವಿಗೆ ಸೇರಲು 2024ರಿಂದ ಡಿಇಬಿ ಐಡಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿಯ ದೂರಶಿಕ್ಷಣ ವಿಭಾಗದ ಗುರುತಿನ ಸಂಖ್ಯೆ) ಕಡ್ಡಾಯ. ಅದನ್ನು ಮಾಡಿಕೊಳ್ಳಲು ಮೊದಲು ಎಬಿಸಿ ಐಡಿ (ಓದಿನ ದಾಖಲೆ ಇಡುವ ಡಿಜಿಟಲ್ ಖಾತೆಯ ಸಂಖ್ಯೆ) ಬೇಕು, ಎಬಿಸಿ ಐಡಿ ನಿಂತಿರುವುದು ಆಧಾರ್ ಮೇಲೆ. ಹೆಸರು ಹೊಂದದೆ ಸಿಕ್ಕಿಕೊಳ್ಳುವುದು ಇಲ್ಲೇ. ತಿದ್ದುಪಡಿಗೆ ವಾರಗಳು ಹಿಡಿಯುತ್ತವೆ, ಪ್ರವೇಶದ ಕೊನೆಯ ವಾರದಲ್ಲಿ ಓಡಾಡಿದರೆ ಹೈರಾಣಾಗುವುದೊಂದೇ ಲಾಭ. ಡಿಇಬಿ ಐಡಿ ನೀವೇ ಮಾಡಿಕೊಳ್ಳಿ. ‘ನಾವೇ ಮಾಡಿಕೊಡ್ತೀವಿ, ಒಟಿಪಿ ಹೇಳಿ’ ಅನ್ನುವ ಏಜೆಂಟರಿಗೆ ಒಟಿಪಿ ಕೊಡಬೇಡಿ.

ಹಂತ 1: ಇಪ್ಪತ್ತು ಕೆಲಸದ ಜಾಹೀರಾತು ಓದಿ

ಯಾವ ವಿಶ್ವವಿದ್ಯಾಲಯ ಎಂದು ಹುಡುಕುವುದನ್ನು ಒಂದು ವಾರ ಪಕ್ಕಕ್ಕಿಡಿ. ನಿಮಗೆ ಬೇಕೆನಿಸುವ ಇಪ್ಪತ್ತು ಕೆಲಸಗಳ ಜಾಹೀರಾತು ಇಳಿಸಿಕೊಳ್ಳಿ. ಹತ್ತು ಖಾಸಗಿ, ಐದು ಸರ್ಕಾರಿ ಅಥವಾ ಬ್ಯಾಂಕಿನವು, ಐದು ಹೈದರಾಬಾದಿನ ಸಣ್ಣ ಕಂಪನಿಗಳವು. ಬೀದರ್‌ನಿಂದ ಹೈದರಾಬಾದ್ ಸುಮಾರು 140 ಕಿಲೋಮೀಟರ್. ನೇರ ಸಂದರ್ಶನಕ್ಕೆ ಬೆಳಿಗ್ಗೆ ಹೋಗಿ ರಾತ್ರಿ ಮನೆಗೆ ಬರಬಹುದಾದ ಊರನ್ನು ಬಿಟ್ಟು ಬರೀ ಬೆಂಗಳೂರನ್ನೇ ನೋಡುವುದು ನಷ್ಟ.

ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಹಾಕಿ: ಕೇಳಿರುವ ಪದವಿಯ ನಿಖರ ಹೆಸರು, ‘ಫುಲ್ ಟೈಮ್’ ಎಂಬ ಪದ ಇದೆಯೋ ಇಲ್ಲವೋ, ಶೇಕಡಾವಾರು ಮತ್ತು ವಯಸ್ಸಿನ ಮಿತಿ, ಕೇಳಿರುವ ಕೌಶಲಗಳು.

ಎರಡನೇ ಕಾಲಂ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಮಾನ್ಯತೆ ಇರುವ ಆನ್‌ಲೈನ್ ಪದವಿ, ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನ ಎಂದು ಯುಜಿಸಿ 2022ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಮಾರುವವರು ಈ ಒಂದು ಸಾಲನ್ನೇ ಹಿಡಿದು ‘ಎಲ್ಲ ಕಡೆ ನಡೆಯುತ್ತೆ’ ಅನ್ನುತ್ತಾರೆ. ಆದರೆ ಖಾಸಗಿ ಕಂಪನಿ ಯಾರನ್ನು ಸಂದರ್ಶನಕ್ಕೆ ಕರೆಯಬೇಕು ಎಂಬುದನ್ನು ಯುಜಿಸಿ ನಿರ್ಧರಿಸುವುದಿಲ್ಲ. ಹೊಸಬರನ್ನು ಸಾವಿರಗಟ್ಟಲೆ ತೆಗೆದುಕೊಳ್ಳುವ ದೊಡ್ಡ ಐಟಿ ಕಂಪನಿಗಳ ಅರ್ಹತೆಯ ಪಟ್ಟಿಯಲ್ಲಿ ‘ಫುಲ್ ಟೈಮ್ ಕೋರ್ಸ್ ಮಾತ್ರ’ ಎಂಬ ಸಾಲು ಆಗಾಗ ಸಿಗುತ್ತದೆ. ಹತ್ತನೇ ತರಗತಿಯಿಂದ ಎಲ್ಲದರಲ್ಲೂ 60 ಪರ್ಸೆಂಟ್ ಇರಬೇಕು ಎಂಬ ಷರತ್ತೂ ಅದರ ಪಕ್ಕದಲ್ಲೇ ಇರುತ್ತದೆ. ಪಿಯುಸಿಯಲ್ಲಿ 54 ಇದ್ದರೆ ಯಾವ ಮಾಸ್ಟರ್ಸ್ ಮಾಡಿದರೂ ಆ ಬಾಗಿಲು ತೆರೆಯುವುದಿಲ್ಲ.

ಮೊದಲ ಕಾಲಂ ಇನ್ನೂ ಮುಖ್ಯ. ಬ್ಯಾಂಕುಗಳ ಐಟಿ ಅಧಿಕಾರಿ ಹುದ್ದೆಗೆ ಐಬಿಪಿಎಸ್ ಕರೆಯುವಾಗ ಎಂಜಿನಿಯರಿಂಗ್ ಪದವಿಯ ಜತೆಗೆ ಕಂಪ್ಯೂಟರ್ ಸೈನ್ಸ್, ಐಟಿ, ಕಂಪ್ಯೂಟರ್ ಅಪ್ಲಿಕೇಷನ್ಸ್ ಸ್ನಾತಕೋತ್ತರ ಪದವಿಯನ್ನೂ ಒಪ್ಪುತ್ತದೆ, ವಯಸ್ಸು ಸಾಮಾನ್ಯ ವರ್ಗಕ್ಕೆ 20ರಿಂದ 30. ಎಂಸಿಎ, ಅಂದರೆ ಕಂಪ್ಯೂಟರ್ ಅಪ್ಲಿಕೇಷನ್ಸ್‌ನ ಮಾಸ್ಟರ್ಸ್, ಇಲ್ಲಿ ನೇರ ಕೂರುತ್ತದೆ. ‘ಎಂಎಸ್ಸಿ ಡೇಟಾ ಸೈನ್ಸ್’ ಅಥವಾ ‘ಎಂಬಿಎ ಐಟಿ’ ಆದರೆ ದಾಖಲೆ ಪರಿಶೀಲನೆಯ ಮೇಜಿನ ಮುಂದೆ ವಾದ ಮಾಡುತ್ತ ಕೂರಬೇಕಾಗುತ್ತದೆ. ಕೇಳಲು ಭಾರಿಯಾದ ಹೆಸರು ಸರ್ಕಾರಿ ಕಡತದಲ್ಲಿ ಹಗುರ.

ಇಪ್ಪತ್ತೂ ಬರೆದ ಮೇಲೆ ಎಣಿಸಿ. ಹನ್ನೆರಡಕ್ಕಿಂತ ಹೆಚ್ಚು ಕಡೆ ‘ಫುಲ್ ಟೈಮ್’ ಇದ್ದು, ನಿಮಗಿನ್ನೂ 23ರ ಒಳಗೆ ಎಂದಾದರೆ, ಆನ್‌ಲೈನ್ ನಿಮ್ಮ ದಾರಿಯಲ್ಲ. ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದು ರೆಗ್ಯುಲರ್ ಎಂಸಿಎ ನೋಡಿ. 371(ಜೆ) ಅರ್ಹತಾ ಪ್ರಮಾಣಪತ್ರ ಇದ್ದವರಿಗೆ ಕಲ್ಯಾಣ ಕರ್ನಾಟಕದ ಸಂಸ್ಥೆಗಳಲ್ಲಿ 70 ಪರ್ಸೆಂಟ್, ರಾಜ್ಯದ ಉಳಿದ ಕಡೆ 8 ಪರ್ಸೆಂಟ್ ಸೀಟು ಮೀಸಲಿವೆ. ಕೈಯಲ್ಲಿರುವ ಈ ಅನುಕೂಲವನ್ನು ಬಿಟ್ಟು ಆನ್‌ಲೈನ್‌ಗೆ ಸೇರುವವರು ಇದ್ದಾರೆ, ಯಾರೂ ತಿಳಿಸಿ ಹೇಳಲಿಲ್ಲ ಎಂಬ ಕಾರಣಕ್ಕೆ.

ಆನ್‌ಲೈನ್ ಹೊಂದುವುದು ಈಗಾಗಲೇ ಕೆಲಸದಲ್ಲಿ ಇರುವವರಿಗೆ, ಊರು ಬಿಡಲಾಗದವರಿಗೆ, ಮತ್ತು ಕೌಶಲ ನೋಡಿ ತೆಗೆದುಕೊಳ್ಳುವ ಸಣ್ಣ, ಮಧ್ಯಮ ಕಂಪನಿಗಳ ಮೇಲೆ ಕಣ್ಣಿಟ್ಟವರಿಗೆ.

ಹಂತ 2: ಪಿಯುಸಿಯಲ್ಲಿ ಗಣಿತ ಇತ್ತೇ?

ಬೇರೆ ವಿಷಯದಿಂದ ಕಂಪ್ಯೂಟರ್‌ಗೆ ಹೊರಳುವವರಿಗೆ ನಮ್ಮ ದೇಶದಲ್ಲಿ ಮುಖ್ಯ ಬಾಗಿಲು ಎಂಸಿಎ. 2020–21ರಿಂದ ಅದು ಎರಡು ವರ್ಷದ ಕೋರ್ಸು. ಎಂಎಸ್ಸಿ ಕಂಪ್ಯೂಟರ್ ಸೈನ್ಸ್‌ಗೆ ಅನೇಕ ಕಡೆ ಬಿಸಿಎ ಅಥವಾ ಕಂಪ್ಯೂಟರ್ ಇದ್ದ ಬಿಎಸ್ಸಿಯೇ ಬೇಕು. ಬಿಕಾಂ, ಬಿಎ ಮಾಡಿದವರು ಅಲ್ಲಿ ಅರ್ಜಿ ಶುಲ್ಕ ಕಳೆದುಕೊಳ್ಳುವುದು ಬೇಡ.

ಎಂಸಿಎಗೆ ಯಾವುದೇ ಪದವಿಯಲ್ಲಿ ಸಾಮಾನ್ಯವಾಗಿ 50 ಪರ್ಸೆಂಟ್ ಬೇಕು, ಮೀಸಲು ವರ್ಗಕ್ಕೆ 45. ತೊಡಕು ಗಣಿತದ್ದು. ಪಿಯುಸಿಯಲ್ಲೋ ಪದವಿಯಲ್ಲೋ ಗಣಿತ ಓದಿರಲೇಬೇಕು ಎನ್ನುವ ವಿಶ್ವವಿದ್ಯಾಲಯಗಳಿವೆ. ಗಣಿತ ಇಲ್ಲದವರನ್ನು ಬ್ರಿಡ್ಜ್ ಕೋರ್ಸ್ (ಕೊರತೆ ತುಂಬುವ ಪಾಠ) ಹಾಕಿ ತೆಗೆದುಕೊಳ್ಳುವವೂ ಇವೆ. ಪಿಯುಸಿ ಕಲಾ ವಿಭಾಗದವರು, ಕಾಮರ್ಸ್‌ನಲ್ಲಿ ಇತಿಹಾಸದ ಕಾಂಬಿನೇಷನ್ ತೆಗೆದುಕೊಂಡವರು ಇಲ್ಲಿ ಸಿಕ್ಕಿಬೀಳುತ್ತಾರೆ. ಕಾಮರ್ಸ್‌ನಲ್ಲಿ ‘ಬೇಸಿಕ್ ಮ್ಯಾಥ್ಸ್’ ಓದಿದವರಾದರೆ ಅದನ್ನು ಗಣಿತ ಎಂದು ಎಣಿಸುತ್ತೀರಾ ಎಂದು ಮಾರ್ಕ್ಸ್ ಕಾರ್ಡ್ ಜತೆಗಿಟ್ಟು ವಿಶ್ವವಿದ್ಯಾಲಯಕ್ಕೇ ಇಮೇಲ್ ಬರೆದು ಕೇಳಿ. ಫೋನಿನಲ್ಲಿ ಬಂದ ‘ಆಗುತ್ತೆ ಸರ್’ ಎಂಬುದಕ್ಕೆ ಬೆಲೆ ಇಲ್ಲ. ಸೇರಿಸಿಕೊಂಡು, ಎರಡನೇ ಸೆಮಿಸ್ಟರ್‌ನಲ್ಲಿ ದಾಖಲೆ ಪರಿಶೀಲಿಸಿ ಪ್ರವೇಶ ರದ್ದು ಮಾಡಿದರೆ ತೋರಿಸಲು ನಿಮ್ಮ ಹತ್ತಿರ ಬರಹ ಇರಬೇಕು.

ಗಣಿತದ ಬಾಗಿಲು ಪೂರ್ತಿ ಮುಚ್ಚಿದ್ದರೆ ಇನ್ನೊಂದು ದಾರಿ ಇದೆ. ಐಐಟಿ ಮದ್ರಾಸಿನ ಆನ್‌ಲೈನ್ ಬಿಎಸ್ ಡೇಟಾ ಸೈನ್ಸ್‌ಗೆ ಹತ್ತನೇ ತರಗತಿಯ ಗಣಿತ, ಇಂಗ್ಲಿಷ್ ಮತ್ತು ಹನ್ನೆರಡನೆಯದು ಪಾಸಾಗಿದ್ದರೆ ಸಾಕು. ಅದು ಮಾಸ್ಟರ್ಸ್ ಅಲ್ಲ, ಮತ್ತೊಂದು ಪದವಿ. ಮಧ್ಯದಲ್ಲಿ ಡಿಪ್ಲೊಮಾ ಪಡೆದು ನಿಲ್ಲಬಹುದು. ಸುಲಭ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹಂತ 3: ಮಾನ್ಯತೆ, ಅದೂ ನಿಮ್ಮ ಸೆಷನ್‌ನದು

‘ಯುಜಿಸಿ ಅಪ್ರೂವ್ಡ್’ ಎಂದು ಕಾಲೇಜಿನ ಪುಟದಲ್ಲಿ ಬರೆದಿದ್ದರೆ ಅದು ಮಾನ್ಯತೆ ಅಲ್ಲ. ಯುಜಿಸಿಯ ದೂರಶಿಕ್ಷಣ ವಿಭಾಗದ ಡಿಇಬಿ ಪೋರ್ಟಲ್‌ನಲ್ಲಿ ಪ್ರತಿ ಸೆಷನ್‌ಗೆ ಪಟ್ಟಿ ಬರುತ್ತದೆ. ಅದರಲ್ಲಿ ನಾಲ್ಕು ಸಂಗತಿ ಒಂದೇ ಸಾಲಿನಲ್ಲಿ ಸಿಗಬೇಕು: ವಿಶ್ವವಿದ್ಯಾಲಯದ ಹೆಸರು, ಕೋರ್ಸಿನ ಹೆಸರು, ವಿಧಾನ, ಸೆಷನ್.

ವಿಧಾನ ಎಂದರೆ ಆನ್‌ಲೈನ್ ಬೇರೆ, ದೂರಶಿಕ್ಷಣ ಬೇರೆ. ಎಂಬಿಎಗೆ ಆನ್‌ಲೈನ್ ಒಪ್ಪಿಗೆ ಇದ್ದ ಮಾತ್ರಕ್ಕೆ ಅದೇ ವಿಶ್ವವಿದ್ಯಾಲಯದ ಎಂಸಿಎಗೂ ಇದೆ ಎಂದಲ್ಲ. ಎಂಸಿಎ ಆದರೆ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ಕಡೆಯ ಒಪ್ಪಿಗೆಯ ಪತ್ರವನ್ನೂ ಕೇಳಿ. ಪಟ್ಟಿಯ ಆ ಪುಟವನ್ನು ಪಿಡಿಎಫ್ ಮಾಡಿ, ದಿನಾಂಕ ಹಾಕಿ ಇಟ್ಟುಕೊಳ್ಳಿ. ಐದು ವರ್ಷದ ಮೇಲೆ ಯಾರಾದರೂ ‘ನಿಮ್ಮ ಬ್ಯಾಚಿಗೆ ಮಾನ್ಯತೆ ಇತ್ತಾ’ ಎಂದು ಕೇಳುತ್ತಾರೆ, ಆಗ ಅದೇ ಬೇಕಾಗುವುದು.

ಎಚ್ಚರಿಕೆಯ ಗುರುತುಗಳು ಮೂರು. ‘ಆನ್‌ಲೈನ್ ಬಿಟೆಕ್’ ಮಾಡಿಸುತ್ತೇವೆ ಎಂದರೆ ಎದ್ದು ಬನ್ನಿ. 2020ರ ಯುಜಿಸಿ ನಿಯಮದಲ್ಲಿ ಎಂಜಿನಿಯರಿಂಗ್ ಆನ್‌ಲೈನ್‌ಗೂ ದೂರಶಿಕ್ಷಣಕ್ಕೂ ನಿಷಿದ್ಧ. ಸೂಪರ್ ಮಾರ್ಕೆಟ್ ಮೇಲಿನ ಮಹಡಿಯಲ್ಲೋ ಬಸ್ ಸ್ಟ್ಯಾಂಡಿನ ಎದುರೋ ಅಂಗಡಿ ಹಾಕಿಕೊಂಡು ‘ನಾವೇ ಸ್ಟಡಿ ಸೆಂಟರ್, ಪರೀಕ್ಷೆ ನಾವೇ ನೋಡ್ಕೊಳ್ತೀವಿ’ ಎಂದರೆ ಅದು ಫ್ರಾಂಚೈಸಿ, ಅದಕ್ಕೂ ಅವಕಾಶ ಇಲ್ಲ. ಹಳೆಯ ವರ್ಷದ ದಿನಾಂಕ ಹಾಕಿ ಒಂದೇ ವರ್ಷದಲ್ಲಿ ಮುಗಿಸಿಕೊಡುತ್ತೇವೆ ಎಂದರೆ ಅದು ಪದವಿ ಅಲ್ಲ, ಪೊಲೀಸ್ ಕೇಸು.

ಹಂತ 4: ಸಿಲೆಬಸ್ ತೂಗಿ ನೋಡಿ

ನಾಲ್ಕೂ ಸೆಮಿಸ್ಟರ್‌ನ ಪೂರ್ತಿ ಸಿಲೆಬಸ್ ಇಳಿಸಿಕೊಳ್ಳಿ. ಎರಡು ಪುಟದ ಬ್ರೋಷರ್ ಬಿಟ್ಟು ಬೇರೇನೂ ಕೊಡದಿದ್ದರೆ ಆ ಕೋರ್ಸನ್ನು ಪಟ್ಟಿಯಿಂದ ಹೊಡೆದುಹಾಕಿ.

ಏಳು ವಿಷಯ ಹುಡುಕಿ: ಡಿಸ್ಕ್ರೀಟ್ ಗಣಿತ, ಡೇಟಾ ಸ್ಟ್ರಕ್ಚರ್ ಮತ್ತು ಅಲ್ಗಾರಿದಂ, ಆಪರೇಟಿಂಗ್ ಸಿಸ್ಟಂ, ಡೇಟಾಬೇಸ್, ಕಂಪ್ಯೂಟರ್ ನೆಟ್‌ವರ್ಕ್, ಕಂಪ್ಯೂಟರ್ ಆರ್ಗನೈಸೇಷನ್, ಸಾಫ್ಟ್‌ವೇರ್ ಎಂಜಿನಿಯರಿಂಗ್. ಏಳರಲ್ಲಿ ಆರಾದರೂ ಪೂರ್ಣ ಪೇಪರ್ ಆಗಿರಬೇಕು. ಡೇಟಾ ಸ್ಟ್ರಕ್ಚರ್ ಇಲ್ಲದ ಕೋರ್ಸಿನಲ್ಲಿ ಕೃತಕ ಬುದ್ಧಿಮತ್ತೆಯ ನಾಲ್ಕು ಪೇಪರ್ ಇದ್ದರೆ, ಅದು ಪಾಯ ತೆಗೆಯದೆ ಗಿಲಾವ್ ಮಾಡಿದ ಮನೆ. ಸಂದರ್ಶನದ ಮೊದಲ ಸುತ್ತು ಡೇಟಾ ಸ್ಟ್ರಕ್ಚರ್ ಮತ್ತು ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆ) ಮೇಲೆಯೇ ನಡೆಯುವುದು.

ಆಮೇಲೆ ಲ್ಯಾಬ್ ಹೇಗೆ ಎಂದು ನೋಡಿ. ನೀವು ಬರೆದ ಪ್ರೋಗ್ರಾಂ ಅನ್ನು ಯಾರು ತಿದ್ದುತ್ತಾರೆ? ಬಹು ಆಯ್ಕೆಯ ಪ್ರಶ್ನೆಗಳಲ್ಲೇ ಎಲ್ಲ ಮುಗಿಯುವ ಕೋರ್ಸಿನಲ್ಲಿ ಒಂದು ಸಾಲು ಕೋಡ್ ಬರೆಯದೆ ಪಾಸಾಗಬಹುದು. ಹಿಂದಿನ ಎರಡು ಸೆಮಿಸ್ಟರ್‌ನ ಪ್ರಶ್ನೆಪತ್ರಿಕೆ ತರಿಸಿ ಓದಿದರೆ ಇದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಪ್ರಾಜೆಕ್ಟಿಗೆ ಮಾರ್ಗದರ್ಶಕರನ್ನು ಹೆಸರು ಹಾಕಿ ಕೊಡುತ್ತಾರೋ, ಬರೀ ವರದಿ ಅಪ್‌ಲೋಡ್ ಮಾಡಿಸಿಕೊಳ್ಳುತ್ತಾರೋ ಎಂಬುದನ್ನೂ ಕೇಳಿ.

ಇನ್ನು ಸಮಯದ ಲೆಕ್ಕ. ಎರಡು ವರ್ಷದ ಮಾಸ್ಟರ್ಸ್ ಸುಮಾರು 80 ಕ್ರೆಡಿಟ್. ಒಂದು ಕ್ರೆಡಿಟ್‌ಗೆ 30 ಗಂಟೆ ಓದು ಎಂದರೆ 2,400 ಗಂಟೆ. 104 ವಾರಕ್ಕೆ ಹಂಚಿದರೆ ವಾರಕ್ಕೆ 23. ‘ದಿನಕ್ಕೆ ಅರ್ಧ ಗಂಟೆ ಸಾಕು’ ಎನ್ನುವವರು ಅಂಕಪಟ್ಟಿ ಮಾರುತ್ತಿದ್ದಾರೆ.

ಹೊಲಮನೆ ಇದ್ದವರು ಕ್ಯಾಲೆಂಡರ್ ಎದುರಿಗಿಟ್ಟುಕೊಳ್ಳಿ. ಜುಲೈ ಸೆಷನ್‌ಗೆ ಸೇರಿದರೆ ಮೊದಲ ಪರೀಕ್ಷೆ ಬರುವ ಹೊತ್ತಿಗೆ, ಡಿಸೆಂಬರ್–ಜನವರಿಯಲ್ಲಿ, ಇತ್ತ ತೊಗರಿ ರಾಶಿ. ಎರಡನೆಯದು ಜೂನ್ ಸುತ್ತಮುತ್ತ, ಬಿತ್ತನೆ ಹೊತ್ತಿಗೆ. ಮನೆಯಲ್ಲಿ ಮೊದಲೇ ಮಾತಾಡಿ ಯಾರು ಏನು ನೋಡಿಕೊಳ್ಳುತ್ತಾರೆ ಎಂದು ಗೊತ್ತು ಮಾಡಿಕೊಳ್ಳದೆ ಸೇರಿದವರು ಬ್ಯಾಕ್‌ಲಾಗ್ ಇಟ್ಟುಕೊಳ್ಳುವುದು ಈ ಎರಡು ತಿಂಗಳಲ್ಲೇ.

ಹಂತ 5: ವಿದೇಶಿ ಆನ್‌ಲೈನ್ ಪದವಿ ನೋಡುವವರಿಗೆ

ನಿಜವಾದ ಅರ್ಥದಲ್ಲಿ ಬೇರೆ ವಿಷಯದವರಿಗೆಂದೇ ಕಟ್ಟಿದ ಕೋರ್ಸುಗಳು ಹೆಚ್ಚಾಗಿ ಹೊರದೇಶದವು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆನ್‌ಲೈನ್ ಎಂಸಿಐಟಿ (ಕಂಪ್ಯೂಟರ್ ಮತ್ತು ಮಾಹಿತಿ ತಂತ್ರಜ್ಞಾನದ ಮಾಸ್ಟರ್ಸ್) ಅಂಥದು: ಹತ್ತು ಕೋರ್ಸು, ಆರು ಕಡ್ಡಾಯ, ನಾಲ್ಕು ಐಚ್ಛಿಕ. ಬ್ರಿಟನ್ನಿನ ಯಾರ್ಕ್, ಬಾತ್ ವಿಶ್ವವಿದ್ಯಾಲಯಗಳ ಆನ್‌ಲೈನ್ ಎಂಎಸ್ಸಿಗಳೂ ಇದೇ ಜಾತಿ. ಅಲ್ಲಿ ಒಂದು ಎಂಎಸ್ಸಿ ಎಂದರೆ 180 ಕ್ರೆಡಿಟ್. ಅವರ ಕ್ರೆಡಿಟ್ ನಮ್ಮದಕ್ಕಿಂತ ಚಿಕ್ಕದು, ಒಂದಕ್ಕೆ 10 ಗಂಟೆ. ಕೊಲರಾಡೊ ಬೌಲ್ಡರ್‌ನ ಮಾಸ್ಟರ್ಸ್‌ಗೆ ಹಳೆಯ ಅಂಕಪಟ್ಟಿ ಕೇಳುವುದಿಲ್ಲ. ಮೊದಲ ಕೆಲವು ಕೋರ್ಸುಗಳಲ್ಲಿ ನಿಗದಿತ ಗ್ರೇಡ್ ತೆಗೆದರೆ ಅದೇ ಪ್ರವೇಶ. ಜಾರ್ಜಿಯಾ ಟೆಕ್‌ನದು ಅಗ್ಗ, ಹೆಸರುವಾಸಿ, ಆದರೆ ಕಂಪ್ಯೂಟರ್ ಹಿನ್ನೆಲೆ ಇದ್ದವರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಬಿಕಾಂ ಮುಗಿಸಿ ನೇರ ಅಲ್ಲಿಗೆ ಹೋದರೆ ಮೊದಲ ಕೋರ್ಸಿನಲ್ಲೇ ಸುಸ್ತು.

ಮೂರು ತಪ್ಪು ತಿಳಿವಳಿಕೆ ಬಿಡಬೇಕು. ಕಲಬುರಗಿಯಲ್ಲಿ ಕೂತು ಓದಿದ ವಿದೇಶಿ ಪದವಿಯಿಂದ ಆ ದೇಶದಲ್ಲಿ ಓದಿದ ನಂತರ ಸಿಗುವ ಕೆಲಸದ ವೀಸಾ ಸಿಗುವುದಿಲ್ಲ. ಅದು ಅಲ್ಲಿ ವಿದ್ಯಾರ್ಥಿ ವೀಸಾದ ಮೇಲೆ ಓದಿದವರಿಗೆ. ಇಲ್ಲಿನ ಸರ್ಕಾರಿ ಹುದ್ದೆಗೆ ತತ್ಸಮಾನ ಪ್ರಮಾಣಪತ್ರ ಬೇಕು, ಆನ್‌ಲೈನ್ ಪದವಿಗೆ ಅದು ತಾನಾಗಿ ಬರುತ್ತದೆ ಎಂದು ಎಣಿಸಬೇಡಿ. ಮತ್ತು ‘ವಿದೇಶಿ ವಿಶ್ವವಿದ್ಯಾಲಯದ ಸಹಯೋಗ’ ಎಂದು ಇಲ್ಲಿನ ಕಂಪನಿಗಳು ಮಾರುವ ಪದವಿಗಳ ಬಗ್ಗೆ ಯುಜಿಸಿ 2023ರ ಡಿಸೆಂಬರ್‌ನಲ್ಲೇ ಎಚ್ಚರಿಸಿದೆ.

ಫೀಸನ್ನು ಡಾಲರಿನಲ್ಲೋ ಪೌಂಡಿನಲ್ಲೋ ಕಟ್ಟುವಾಗ ಕಾರ್ಡಿನ ವಿದೇಶಿ ವಿನಿಮಯ ಶುಲ್ಕ, ಅನ್ವಯಿಸುವುದಾದರೆ ಮೂಲದಲ್ಲೇ ಹಿಡಿಯುವ ತೆರಿಗೆ, ರೂಪಾಯಿ ಇಳಿಕೆ ಮೂರನ್ನೂ ಸೇರಿಸಿ. ಮೂರು ವರ್ಷದ ಕೋರ್ಸಿಗೆ ಇವತ್ತಿನ ದರದ ಮೇಲೆ 15 ಪರ್ಸೆಂಟ್ ಮೇಲಿಟ್ಟುಕೊಂಡು ಲೆಕ್ಕ ಹಾಕುವುದು ಕ್ಷೇಮ.

ಹಂತ 6: ಆರು ವಾರ ಪುಕ್ಕಟೆ ಓದಿ ನೋಡಿ

ಎಲ್ಲರೂ ಬಿಡುವ ಹಂತ ಇದು, ಅತಿ ಹೆಚ್ಚು ರೊಕ್ಕ ಉಳಿಸುವುದೂ ಇದೇ. ಕಂಪ್ಯೂಟರ್ ಸೈನ್ಸ್ ಹೊಸಬರಿಗೆಂದೇ ಇರುವ ಹಾರ್ವರ್ಡ್‌ನ ಸಿಎಸ್50 ಪಾಠಗಳು ಪುಕ್ಕಟೆ ಸಿಗುತ್ತವೆ. 0ನೇ ವಾರದಿಂದ 5ನೇ ವಾರದವರೆಗೆ, ವಾರಕ್ಕೆ 12 ಗಂಟೆಯಂತೆ, ಪ್ರತಿ ವಾರದ ಲೆಕ್ಕಗಳನ್ನು ಸ್ವಂತ ಮಾಡಿ. ಇಂಗ್ಲಿಷ್ ವೇಗ ಕಷ್ಟವಾದರೆ ಐಐಟಿಗಳ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟಿಇಎಲ್‌ನಲ್ಲಿ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಪಾಠ ಹಿಡಿಯಿರಿ, ನಮ್ಮ ದೇಶದ ಉಚ್ಚಾರಣೆ ಕಿವಿಗೆ ಬೇಗ ಹೊಂದುತ್ತದೆ.

ಸಿಎಸ್50ಯ 4ನೇ ವಾರ ಮೆಮೊರಿ ಮತ್ತು ಪಾಯಿಂಟರ್. ಇಲ್ಲಿ ಎಲ್ಲರೂ ತಡವರಿಸುತ್ತಾರೆ. ಎರಡು ವಾರ ಹಿಡಿದರೂ ಚಿಂತೆಯಿಲ್ಲ. ಚಿಂತೆ ಮಾಡಬೇಕಾದ್ದು ಬೇರೆ ಗುರುತುಗಳಿಗೆ. ಉತ್ತರವನ್ನು ಎಐಗೆ ಕೇಳಿ ಅಂಟಿಸಿ ಮುಂದೆ ಹೋಗುತ್ತಿದ್ದೀರಾ? ಪ್ರೋಗ್ರಾಂ ಓಡದಿದ್ದಾಗ ತಪ್ಪಿನ ಸಂದೇಶ ಓದುವ ಬದಲು ಲ್ಯಾಪ್‌ಟಾಪ್ ಮುಚ್ಚುತ್ತೀರಾ? ಆರು ವಾರದಲ್ಲಿ ಎರಡು ವಾರ ಪೂರ್ತಿ ತಪ್ಪಿಸಿದ್ದೀರಾ? ಮೂರರಲ್ಲಿ ಎರಡಕ್ಕೆ ಹೌದು ಎಂದರೆ ಈ ಸೆಷನ್ ಬಿಡಿ. ಜನವರಿಯಲ್ಲಿ ಮತ್ತೆ ಸೆಷನ್ ಬರುತ್ತದೆ, ಕಟ್ಟಿದ ಫೀಸು ಬರುವುದಿಲ್ಲ.

ಹಂತ 7: ರೊಕ್ಕದ ಲೆಕ್ಕ

‘ಸೆಮಿಸ್ಟರಿಗೆ 30,000 ಮಾತ್ರ’ ಎಂದರೆ 1,20,000 ಎಂದು ಓದಿಕೊಳ್ಳಿ. ಅದರ ಮೇಲೆ ನೋಂದಣಿ, ಪರೀಕ್ಷಾ ಶುಲ್ಕ, ಮರುಪರೀಕ್ಷೆ ಶುಲ್ಕ, ಪ್ರಾಜೆಕ್ಟ್ ಶುಲ್ಕ, ಘಟಿಕೋತ್ಸವ ಶುಲ್ಕ ಪ್ರತ್ಯೇಕವೇ ಎಂದು ಒಂದೊಂದಾಗಿ ಕೇಳಿ ಬರೆದುಕೊಳ್ಳಿ. ಎಸ್‌ಎಸ್‌ಪಿ (ರಾಜ್ಯ ಸರ್ಕಾರದ ಪೋರ್ಟಲ್) ವಿದ್ಯಾರ್ಥಿವೇತನವನ್ನು ನಂಬಿಕೊಂಡವರು ಈ ಕೋರ್ಸಿಗೆ ಅದು ಅನ್ವಯಿಸುತ್ತದೆಯೇ ಎಂದು ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಸೇರುವ ಮುಂಚೆ ಕೇಳಿ. ಸೇರಿದ ಮೇಲೆ ಕೇಳಿ ಉಪಯೋಗವಿಲ್ಲ.

ಇನ್ನು ‘ಬಡ್ಡಿ ಇಲ್ಲದ ಇಎಂಐ’. ಫೋನಿನಲ್ಲಿ ಒಂದು ಲಿಂಕ್ ಬರುತ್ತದೆ, ಪ್ಯಾನ್, ಆಧಾರ್ ಒಟಿಪಿ, ಖಾತೆಯಿಂದ ತಾನಾಗಿ ಕಡಿತವಾಗುವ ಮ್ಯಾಂಡೇಟ್, ಅಷ್ಟೇ. ನೀವು ಕೋರ್ಸಿಗೆ ಸೇರಿದೆ ಅಂದುಕೊಳ್ಳುತ್ತೀರಿ, ವಾಸ್ತವದಲ್ಲಿ ಒಂದು ಫೈನಾನ್ಸ್ ಕಂಪನಿಯಿಂದ ಸಾಲ ಪಡೆದಿರುತ್ತೀರಿ. ಆ ಕಂಪನಿ ಪೂರ್ತಿ ಫೀಸನ್ನು ಮೊದಲೇ ಅತ್ತ ಕಟ್ಟಿರುತ್ತದೆ. ಮೂರು ತಿಂಗಳಿಗೆ ಕೋರ್ಸು ಬಿಟ್ಟರೂ ಕಂತು ನಿಲ್ಲುವುದಿಲ್ಲ, ತಪ್ಪಿಸಿದರೆ ಸಿಬಿಲ್ ಸ್ಕೋರ್ ಬೀಳುತ್ತದೆ, ನಾಳೆ ಅಪ್ಪನ ಜತೆ ಸೇರಿ ಟ್ರ್ಯಾಕ್ಟರ್ ಸಾಲ ಕೇಳಿದರೂ ಅದು ಎದ್ದು ಕಾಣುತ್ತದೆ. ಕಂತನ್ನು ಕಂತುಗಳ ಸಂಖ್ಯೆಯಿಂದ ಗುಣಿಸಿ ನೋಡಿ: ತಿಂಗಳಿಗೆ 5,900ರಂತೆ 24 ಕಂತು ಎಂದರೆ 1,41,600. ಫೀಸು 1,20,000 ಆಗಿದ್ದರೆ ಆ 21,600 ಏನು ಎಂದು ಕೇಳಿ.

ಸೆಮಿಸ್ಟರ್ ಸೆಮಿಸ್ಟರಿಗೆ, ವಿಶ್ವವಿದ್ಯಾಲಯದ ಖಾತೆಗೇ, ಅದರದೇ ಪೋರ್ಟಲ್ ಮೂಲಕ ಕಟ್ಟುವುದು ಎಲ್ಲಕ್ಕಿಂತ ಒಳ್ಳೆಯದು. ಯಾರದೋ ವೈಯಕ್ತಿಕ ಯುಪಿಐ ನಂಬರಿಗೆ ಸೀಟು ಕಾಯ್ದಿರಿಸಲು ಎಂದು 500 ರೂಪಾಯಿಯನ್ನೂ ಹಾಕಬೇಡಿ.

ಹಂತ 8: ಪರೀಕ್ಷೆ ಬರೆಯುವ ಕೋಣೆ

ಪರೀಕ್ಷೆ ಮನೆಯಿಂದಲೋ ಕೇಂದ್ರಕ್ಕೆ ಹೋಗಿಯೋ? ಕೇಂದ್ರವಾದರೆ ಯಾವ ಊರು? ಮನೆಯಿಂದಾದರೆ ನಡುವೆ ನೆಟ್ ಹೋದರೆ ಎಷ್ಟು ನಿಮಿಷದೊಳಗೆ ಮತ್ತೆ ಒಳಗೆ ಬಿಡುತ್ತಾರೆ? ಈ ಮೂರಕ್ಕೂ ಇಮೇಲ್‌ನಲ್ಲಿ ಉತ್ತರ ಪಡೆಯಿರಿ.

ಮನೆಯಲ್ಲಿ ಬರೆಯುವ ಪರೀಕ್ಷೆಯಲ್ಲಿ ಕ್ಯಾಮೆರಾ, ಮೈಕ್ ಎರಡೂ ಆನ್ ಇರುತ್ತವೆ. ಹಿಂದಿನಿಂದ ಯಾರಾದರೂ ಚಹಾ ತಂದಿಟ್ಟರೂ ಗುರುತು ಹಾಕಿಕೊಳ್ಳುತ್ತದೆ. ಬ್ಯಾಸಗಿಯಲ್ಲಿ ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿ ನಡೆಯುತ್ತದೆ, ರೌಟರ್ ಆರಿಹೋಗುತ್ತದೆ. ರೌಟರ್‌ಗೆಂದೇ ಸಿಗುವ ಸಣ್ಣ 12 ವೋಲ್ಟ್ ಯುಪಿಎಸ್ ಹಾಕಿ. ಬೇರೆ ಕಂಪನಿಯ ಸಿಮ್‌ನ ಹಾಟ್‌ಸ್ಪಾಟ್ ತಯಾರಿರಲಿ. ಲ್ಯಾಪ್‌ಟಾಪ್‌ಗೆ 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಇರಲಿ. 8 ಜಿಬಿಯಲ್ಲಿ ಆಂಡ್ರಾಯ್ಡ್ ಸ್ಟುಡಿಯೊ (ಮೊಬೈಲ್ ಆ್ಯಪ್ ಬರೆಯುವ ಸಾಫ್ಟ್‌ವೇರ್) ತೆರೆದರೆ ಅದು ಏಳುವಷ್ಟರಲ್ಲಿ ನೀವು ಊಟ ಮುಗಿಸಿ ಬರಬಹುದು. ಮೊಬೈಲ್‌ನಲ್ಲೇ ಮಾಸ್ಟರ್ಸ್ ಮುಗಿಸುತ್ತೇನೆ ಎನ್ನುವುದು ಆಗದ ಮಾತು.

ಸೇರಿದ ಮೇಲೆ: ಮೂರನೇ ಸೆಮಿಸ್ಟರ್‌ವರೆಗೆ

ಆನ್‌ಲೈನ್ ಕೋರ್ಸಿನ ‘ಪ್ಲೇಸ್‌ಮೆಂಟ್ ನೆರವು’ ಬಹಳ ಕಡೆ ಜಾಹೀರಾತಿನ ಲಿಂಕ್ ಕಳಿಸುವುದಕ್ಕೆ ಮುಗಿಯುತ್ತದೆ. ಅದನ್ನು ನೆಚ್ಚದೆ ಮೊದಲ ಸೆಮಿಸ್ಟರ್‌ನಿಂದಲೇ ಬರೆದ ಕೋಡನ್ನೆಲ್ಲ ಗಿಟ್‌ಹಬ್ ಎಂಬ ತಾಣದಲ್ಲಿ ಇಡಿ. ಎರಡನೆಯದರಲ್ಲಿ ದಿನಕ್ಕೊಂದು ಡೇಟಾ ಸ್ಟ್ರಕ್ಚರ್ ಲೆಕ್ಕ, ವಾರಕ್ಕೆ ಐದು ಎಸ್‌ಕ್ಯೂಎಲ್ ಪ್ರಶ್ನೆ.

ಪ್ರಾಜೆಕ್ಟಿಗೆ ಮತ್ತೊಮ್ಮೆ ‘ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಂ’ ಬೇಡ, ಸಂದರ್ಶಕರು ಅದನ್ನು ನೋಡಿ ನೋಡಿ ಬೇಸತ್ತಿದ್ದಾರೆ. ಕಲಬುರಗಿ ಎಪಿಎಂಸಿಯ ತೊಗರಿ ದರ ದಿನದಿನಕ್ಕೆ ಸೇರಿಸಿಟ್ಟು, ಕಳೆದ ವಾರಕ್ಕೆ ಹೋಲಿಸಿ, ನಿಗದಿ ಮಾಡಿದ ಬೆಲೆ ದಾಟಿದಾಗ ರೈತರ ಮೊಬೈಲ್‌ಗೆ ಕನ್ನಡದಲ್ಲಿ ಸಂದೇಶ ಕಳಿಸುವ ಒಂದು ಸಣ್ಣ ಅಪ್ಲಿಕೇಷನ್ ಮಾಡಿ. ಡೇಟಾಬೇಸ್, ನೆಟ್‌ವರ್ಕ್, ಹೊತ್ತಿಗೆ ಸರಿಯಾಗಿ ಓಡುವ ಪ್ರೋಗ್ರಾಂ, ಬಳಕೆದಾರರ ಪರದೆ ಎಲ್ಲವೂ ಅದರಲ್ಲಿ ಬರುತ್ತವೆ, ಮತ್ತು ಪ್ರಶ್ನೆ ಕೇಳಿದರೆ ಬೆದರದೆ ಅರ್ಧ ಗಂಟೆ ಮಾತಾಡಬಹುದು, ತೊಗರಿ ದರ ಯಾಕೆ ಏರುತ್ತದೆ ಎಂಬುದು ನಿಮಗೆ ಅವರಿಗಿಂತ ಚೆನ್ನಾಗಿ ಗೊತ್ತು.

ಮೂರನೇ ಸೆಮಿಸ್ಟರ್‌ನ ಮೊದಲ ತಿಂಗಳಲ್ಲೇ ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕಲು ಶುರು ಮಾಡಿ, ವಾರಕ್ಕೆ ಹತ್ತರಂತೆ. ಅರ್ಜಿಯಲ್ಲಿ ಪದವಿ ‘ಆನ್‌ಲೈನ್’ ಎಂದು ಕೇಳಿದ ಜಾಗದಲ್ಲಿ ಹಾಗೇ ತುಂಬಿ. ಮುಚ್ಚಿಟ್ಟು ಕೆಲಸ ಸಿಕ್ಕರೂ ಹಿನ್ನೆಲೆ ಪರಿಶೀಲನೆಯಲ್ಲಿ ಅದು ಹೊರಬರುತ್ತದೆ, ಆಗ ಹೋಗುವುದು ಸೇರಿದ ಕೆಲಸ. ಹಂತ 1ರ ಇಪ್ಪತ್ತು ಜಾಹೀರಾತಿನ ನೋಟ್‌ಬುಕ್ ಈಗ ಮತ್ತೆ ತೆಗೆಯಿರಿ: ನಾಲ್ಕನೇ ಕಾಲಂನಲ್ಲಿ ಬರೆದ ಕೌಶಲಗಳಲ್ಲಿ ಯಾವುದಕ್ಕೆ ತೋರಿಸಲು ಕೋಡ್ ಇದೆಯೋ ಅದರ ಮುಂದೆ ಟಿಕ್ ಹಾಕಿ, ಖಾಲಿ ಉಳಿದವನ್ನು ನಾಲ್ಕನೇ ಸೆಮಿಸ್ಟರ್‌ನ ಪ್ರಾಜೆಕ್ಟಿಗೆ ಸೇರಿಸಿ.